ಸಿನಿಮಾ ವಿಮಾನ ಕೊಳ್ಳುವ ಮುನ್ನ ಕಾಕ್‌ಪಿಟ್ ತೆರೆಸಿ ನೋಡಿ

ಪ್ರಶ್ನೆ: ಸರ್, ನಮ್ಮದು ಬಳ್ಳಾರಿ. ಚಿಕ್ಕವನಿದ್ದಾಗ ಅಪ್ಪ ಕೊಡಿಸಿದ ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಸೈನಿಕ ಗೊಂಬೆಗಳು ಇನ್ನೂ ನನ್ನ ಹತ್ತಿರ ಇವೆ. ಕೆಲಸಕ್ಕೆ ಸೇರಿದ ಮೇಲೆ ಹೊಸ ಕಾಲದವು ಕೆಲವನ್ನು ನಾನೇ ಕೊಂಡೆ. ಇವಕ್ಕೆಲ್ಲ ಒಂದು ವಿಮಾನ ಬೇಕು ಅಂತ ಬಹಳ ದಿನದ ಆಸೆ. 2009ರ ಜಿ.ಐ. ಜೋ ಸಿನಿಮಾದ ನೈಟ್ ರೇವನ್ ವಿಮಾನ ಹೈದರಾಬಾದಿನ ಒಬ್ಬರ ಹತ್ತಿರ ಇದೆ. ಬಾಕ್ಸ್ ಇಲ್ಲ, ಪೈಲಟ್ ಇಲ್ಲ. 6,500 ರೂಪಾಯಿ ಹೇಳುತ್ತಿದ್ದಾರೆ. ಹೆಚ್ಚುಕಮ್ಮಿ ಅದೇ ದುಡ್ಡಿಗೆ ಟಾಪ್ ಗನ್ ಸಿನಿಮಾದ ಎಫ್-14 ಯುದ್ಧವಿಮಾನದ ಮಾದರಿ, ಲೋಹದ್ದು, 1:72 ಅಳತೆಯದು (ನಿಜವಾದದ್ದರ 72ರಲ್ಲಿ ಒಂದು ಪಾಲು), ಹೊಸದೇ ಸಿಗುತ್ತದೆ. ಯಾವುದು ತಗೊಳ್ಳಲಿ? ಇನ್ನೊಂದು ಮಾತು, ಮನೆಯಲ್ಲಿ ಅಕ್ಕನ ಮಗ ಇದ್ದಾನೆ, ಎರಡೂವರೆ ವರ್ಷ.

ಉತ್ತರ: ಲೋಹದ ಎಫ್-14 ಬೇಡ. ಅದು ಒಳ್ಳೆಯ ವಸ್ತುವೇ, ಆದರೆ ನಿಮಗಲ್ಲ. ನೈಟ್ ರೇವನ್ ತಗೊಳ್ಳಬಹುದು. ಆದರೆ ಅವರು ಹೇಳಿದ ಬೆಲೆಗೆ ಬೇಡ, ಕಾಕ್‌ಪಿಟ್, ಅಂದರೆ ಪೈಲಟ್ ಕೂರುವ ಜಾಗದ ಒಳಗಿನ ಫೋಟೊ ನೋಡದೆ ಅಂತೂ ಬೇಡವೇ ಬೇಡ.

ವಿಮಾನ ಕೂಡಿಡುವವರು ಬೇರೆ, ಗೊಂಬೆ ಕೂಡಿಡುವವರು ಬೇರೆ. ಅವರಿಗೆ ರೆಕ್ಕೆಯ ಕೋನ, ಬಾಲದ ಮೇಲಿನ ನಂಬರು, ರಿವೆಟ್ಟಿನ ಸಾಲು ಮುಖ್ಯ. ನಮಗೆ ಒಳಗೆ ಕೂರುವವನು ಮುಖ್ಯ. ಅವನು ಕೂತು, ಮೇಲಿನ ಗಾಜಿನ ಮುಚ್ಚಳ ಪೂರ್ತಿ ಮುಚ್ಚಿಕೊಂಡರೆ ಅದು ನಮ್ಮ ವಿಮಾನ. ಇಲ್ಲದಿದ್ದರೆ ಎಷ್ಟು ಚೆಂದ ಇದ್ದರೂ ಅದು ಬರೀ ಶೋಕೇಸಿನ ಸಾಮಾನು.

ಲೆಕ್ಕ ಹಾಕಿ ನೋಡಿ. ನಿಮ್ಮ ಫನ್‌ಸ್ಕೂಲ್ ಗೊಂಬೆ ಮೂರೂಮುಕ್ಕಾಲು ಇಂಚು, ಅಂದರೆ ಸುಮಾರು 9.5 ಸೆಂ.ಮೀ. ಹದಿನೆಂಟರಿಂದ ಗುಣಿಸಿದರೆ 171 ಸೆಂ.ಮೀ., ಸಾಮಾನ್ಯ ಗಂಡಸಿನ ಎತ್ತರ. ಅದಕ್ಕೇ ಇದನ್ನು 1:18 ಅಳತೆ ಅನ್ನುವುದು. ಅದೇ ಮನುಷ್ಯ 1:72 ವಿಮಾನದಲ್ಲಿ ಕೂರಬೇಕಾದರೆ ಎದ್ದು ನಿಂತಾಗ 2.4 ಸೆಂ.ಮೀ. ಇರಬೇಕು. ನಿಮ್ಮ ಗೊಂಬೆಯ ಕಾಲೇ ಅದಕ್ಕಿಂತ ಉದ್ದ. ಲೋಹದ ಆ ಎಫ್-14 ಮೂಗಿನಿಂದ ಬಾಲದವರೆಗೆ 26 ಸೆಂ.ಮೀ. ಚಿಲ್ಲರೆ ಬರುತ್ತದೆ. ಅದರ ಪಕ್ಕ ಗೊಂಬೆ ನಿಲ್ಲಿಸಿದರೆ ನಿಮ್ಮ ಸೈನಿಕನೇ ಮಗುವಿನ ಆಟದ ಸಾಮಾನು ಹಿಡಿದುಕೊಂಡು ನಿಂತ ಹಾಗೆ ಕಾಣುತ್ತದೆ.

ಹಾಗಂತ ಸರಿಯಾದ 1:18 ವಿಮಾನ ಹುಡುಕಿಕೊಂಡು ಹೋಗುತ್ತೀರಾ? ನಿಜವಾದ ಎಫ್-14 ಉದ್ದ 19.1 ಮೀಟರ್. ಹದಿನೆಂಟರಿಂದ ಭಾಗಿಸಿದರೆ ಒಂದು ಮೀಟರ್ ಮೇಲೆ ಆರು ಸೆಂಟಿಮೀಟರ್. ರೆಕ್ಕೆ ಬಿಚ್ಚಿದರೆ ಅಗಲವೂ ಅಷ್ಟೇ. ನೈಟ್ ರೇವನ್ ಎಂಬ ಹೆಸರಿನ ಮೊದಲ ಆಟಿಕೆ ಬಂದದ್ದು 1986ರಲ್ಲಿ. ಆಗ ಸಿನಿಮಾ ಇಲ್ಲ, ಏನಿಲ್ಲ. ಅಮೆರಿಕದ ಎಸ್‌ಆರ್-71 ಬೇಹುಗಾರಿಕೆ ವಿಮಾನವನ್ನು ನೋಡಿಕೊಂಡು ಮಾಡಿದ್ದು ಅದು. ಆ ಎಸ್‌ಆರ್-71 ಉದ್ದ 32.7 ಮೀಟರ್. 1:18ರಲ್ಲಿ ಮಾಡಿದರೆ ಹತ್ತಿರ ಹತ್ತಿರ ಆರು ಅಡಿ! ಶೋಕೇಸ್ ಸಾಲದು, ಮಂಚ ಬಿಟ್ಟುಕೊಡಬೇಕು.

ಅದಕ್ಕೆ ಆಟಿಕೆ ಕಂಪನಿಗಳು ಒಂದು ಉಪಾಯ ಮಾಡುತ್ತವೆ. ಕಾಕ್‌ಪಿಟ್ಟನ್ನು ಮಾತ್ರ ಗೊಂಬೆಯ ಅಳತೆಗೆ ಮಾಡಿ, ಉಳಿದ ಮೈಯನ್ನು ಕುಗ್ಗಿಸಿಬಿಡುತ್ತವೆ. 60 ಸೆಂ.ಮೀ. ಉದ್ದದ ಎಫ್-14 ಆಟಿಕೆ ಸಿಕ್ಕಿತು ಅನ್ನಿ. 19.1 ಮೀಟರನ್ನು 0.6ರಿಂದ ಭಾಗಿಸಿದರೆ ಮೈ 1:32. ಒಳಗೆ ಕೂತವನು 1:18. ಇದು ತಪ್ಪಲ್ಲ, ಇದೇ ಸರಿ. ಎದುರುಗಡೆ ಸ್ವಲ್ಪ ಓರೆಯಿಂದ ನೋಡಿದರೆ ಮೂಗು, ಪೈಲಟ್, ಗಾಜು ದೊಡ್ಡದಾಗಿ ಕಾಣುತ್ತವೆ, ಬಾಲ ಹಿಂದೆ ಸರಿಯುತ್ತದೆ, ಕಣ್ಣು ಒಪ್ಪಿಕೊಳ್ಳುತ್ತದೆ. ಪಕ್ಕದಿಂದ ನೋಡಿದರೆ ಮಾತ್ರ ಮೋಸ ಗೊತ್ತಾಗುತ್ತದೆ. ಆದ್ದರಿಂದ ಮಾರುವವರು ಬರೀ ಓರೆ ಫೋಟೊ ಕಳಿಸಿದ್ದರೆ ಪಕ್ಕದಿಂದ ತೆಗೆದದ್ದೂ ಒಂದು ಕೇಳಿ. ಸಿನಿಮಾ ವಿಮಾನಗಳಲ್ಲಿ ಈ ಕುಗ್ಗಿಸುವ ಕೆಲಸ ಇನ್ನೂ ಸಲೀಸು. ನಿಜವಾದದ್ದು ಎಲ್ಲೂ ಇಲ್ಲವಲ್ಲ, ಯಾರು ಟೇಪ್ ಹಿಡಿದುಕೊಂಡು ಹೋಗಿ ಅಳೆಯುತ್ತಾರೆ?

ಈಗ ಕಾಕ್‌ಪಿಟ್. ಇಲ್ಲಿ ಅವಸರ ಬೇಡ.

ನಿಮ್ಮಲ್ಲಿ ಎರಡು ಕಾಲದ ಗೊಂಬೆಗಳಿವೆ. ಫನ್‌ಸ್ಕೂಲ್‌ನವು ಜಿ.ಐ. ಜೋ ಮೂಲ ಕಂಪನಿಯಾದ ಅಮೆರಿಕದ ಹ್ಯಾಸ್‌ಬ್ರೋದ ಹಳೆಯ ಅಚ್ಚಿನಿಂದ ಬಂದವು. 1982ರಲ್ಲಿ ಶುರುವಾದ ಆ ಮಾದರಿಯಲ್ಲಿ ಎದೆ, ಸೊಂಟ, ಕಾಲುಗಳನ್ನು ಒಳಗಿರುವ ಒಂದು ಕಪ್ಪು ರಬ್ಬರ್ ಉಂಗುರ ಹಿಡಿದುಕೊಂಡಿರುತ್ತದೆ. ಬೆನ್ನಿನಲ್ಲಿ ಒಂದು ಸ್ಕ್ರೂ. 2009ರ ಸಿನಿಮಾ ಹೊತ್ತಿಗೆ ಮೈಕಟ್ಟೇ ಬದಲಾಗಿತ್ತು. ರಬ್ಬರ್ ಉಂಗುರ ಹೋಯಿತು, ಮಣಿಕಟ್ಟು, ಪಾದ ಎಲ್ಲ ತಿರುಗುವ ಹಾಗಾಯಿತು, ಎತ್ತರವೂ ಕೂದಲೆಳೆಯಷ್ಟು ಜಾಸ್ತಿ. ಆ ಸಿನಿಮಾದ ವಿಮಾನದ ಆಸನವನ್ನು ಈ ಹೊಸ ಮೈಕಟ್ಟಿಗೆ ಅಂತಲೇ ಮಾಡಿರುತ್ತಾರೆ. ನಿಮ್ಮ ಹಳೆಯ ಗೊಂಬೆ ಅದರಲ್ಲಿ ಕೂರಬಹುದು, ಸ್ವಲ್ಪ ಸಡಿಲ ಆಗಬಹುದು, ಅಥವಾ ಆಸನದಲ್ಲಿರುವ ಗೂಟ ಅದರ ಬೆನ್ನಿನ ತೂತಿಗೆ ಹೊಂದದೇ ಹೋಗಬಹುದು. ಊಹೆ ಮೇಲೆ ಬಿಡಬೇಡಿ. ಅಳೆಯಿರಿ.

ಹೇಗೆ ಅಂದರೆ, ಗೊಂಬೆಯನ್ನು ಮೇಜಿನ ಮೇಲೆ ಕೂರಿಸಿ. ಸೊಂಟ, ಮಂಡಿ ಎರಡೂ ಲಂಬಕೋನಕ್ಕೆ ಮಡಚಿರಲಿ. ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ. ಕುಂಡೆಯಿಂದ ನೆತ್ತಿಯವರೆಗೆ ಎಷ್ಟು, ಭುಜದಿಂದ ಭುಜಕ್ಕೆ ಎಷ್ಟು, ಬೆನ್ನಿನಿಂದ ಮಂಡಿಯ ತುದಿಗೆ ಎಷ್ಟು ಬರೆದುಕೊಳ್ಳಿ. ಕೂತಾಗ ಎತ್ತರ ಸುಮಾರು 5 ಸೆಂ.ಮೀ. ಬರುತ್ತದೆ. ಹೆಲ್ಮೆಟ್ ಹಾಕಿಸುವುದಿದ್ದರೆ ಹಾಕಿಸಿಯೇ ಅಳೆಯಿರಿ, ಮುಚ್ಚಳಕ್ಕೆ ಮೊದಲು ತಾಗುವುದು ಅದೇ. ಬೆನ್ನಿನ ಚೀಲ ಇಟ್ಟುಕೊಂಡು ಯಾವ ಗೊಂಬೆಯೂ ಕೂರುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಹೈದರಾಬಾದಿನವರಿಗೆ ಹೇಳಿ, ಮುಚ್ಚಳ ತೆಗೆದು ಆಸನದಲ್ಲಿ ಒಂದು ಸಣ್ಣ ಸ್ಕೇಲ್ ನಿಲ್ಲಿಸಿ ಫೋಟೊ ತೆಗೆಯಿರಿ ಅಂತ. ಅಡ್ಡ ಒಂದು, ಉದ್ದ ಒಂದು. ಅವರ ಹತ್ತಿರ ಯಾವುದಾದರೂ ಗೊಂಬೆ ಇದ್ದರೆ ಕೂರಿಸಿ, ಮುಚ್ಚಳ ಹಾಕಿ, ಪಕ್ಕದಿಂದ ಒಂದು ಫೋಟೊ. ಮುಚ್ಚಳದ ಅಂಚು ಮೈಗೆ ಪೂರ್ತಿ ಕೂತಿದೆಯಾ, ನಡುವೆ ಬೆಳಕು ಕಾಣುತ್ತದಾ ನೋಡಿ. ಒಂದು ಮಿಲಿಮೀಟರ್ ಬಿರುಕು ಇದ್ದರೂ ಶೋಕೇಸಿನಲ್ಲಿ ದಿನಾ ಕಣ್ಣಿಗೆ ಚುಚ್ಚುತ್ತದೆ.

ಕೂರದ ಗೊಂಬೆಯನ್ನು ಒತ್ತಿ ಕೂರಿಸಲು ಹೋಗಬೇಡಿ. ಹಳೆಯ ಜಿ.ಐ. ಜೋ ಗೊಂಬೆಗಳು ಹೆಚ್ಚಾಗಿ ಮುರಿಯುವುದು ಎರಡು ಜಾಗದಲ್ಲಿ, ಹೆಬ್ಬೆರಳು ಮತ್ತು ತೊಡೆಸಂದು. ಕಾಕ್‌ಪಿಟ್‌ಗೆ ತುರುಕುವಾಗ ಏಟು ಬೀಳುವುದು ಈ ಎರಡಕ್ಕೇ. ಫನ್‌ಸ್ಕೂಲ್ ಬಣ್ಣಗಾರಿಕೆಯೇ ಬೇರೆ ಇದ್ದದ್ದರಿಂದ ಅಂಥ ಗೊಂಬೆಗಳನ್ನು ಹೊರದೇಶದ ಸಂಗ್ರಾಹಕರೂ ಹುಡುಕುತ್ತಾರೆ. ವಿಮಾನಕ್ಕಾಗಿ ಗೊಂಬೆ ಕಳೆದುಕೊಂಡರೆ ಯಾವ ಸುಖ? ಹಾಗೆಯೇ ಕೂರಿಸುವ ಮೊದಲು ಸೊಂಟ ಹಿಡಿದು ಮೆಲ್ಲಗೆ ಎಳೆದು ನೋಡಿ. ಲೊಡಲೊಡ ಅಂದರೆ ಒಳಗಿನ ಉಂಗುರ ಒಣಗಿದೆ ಅಂತ ಅರ್ಥ. ನಮ್ಮ ಬಿಸಿಲಿಗೆ ಅದು ಒಣಗದೇ ಇನ್ನೇನು. 8 ಮಿ.ಮೀ. ಒಳ ಅಗಲದ ತೆಳ್ಳನೆಯ ರಬ್ಬರ್ ಉಂಗುರ (ಓ-ರಿಂಗ್) ಪಂಪ್‌ಸೆಟ್ ಬಿಡಿಭಾಗದ ಅಂಗಡಿಯಲ್ಲಿ ಕೇಳಿ. ಬೆನ್ನಿನ ಸ್ಕ್ರೂ ಬಿಚ್ಚಿ ಬದಲಾಯಿಸುವುದು ಐದು ನಿಮಿಷದ ಕೆಲಸ.

ನೀವು ಕೊಂಡ ಹೊಸ ಗೊಂಬೆಗಳ ಎತ್ತರವನ್ನೂ ಒಮ್ಮೆ ನೋಡಿಬಿಡಿ. 2020ರಿಂದ ಬರುತ್ತಿರುವ ಜಿ.ಐ. ಜೋ ಕ್ಲಾಸಿಫೈಡ್ ಸರಣಿಯವು ಆರು ಇಂಚಿನವು, ಅಂದರೆ 1:12. ಅವು ಈ ವಿಮಾನದಲ್ಲಿ ಕಾಲೂ ಇಡಲಾರವು.

ಇನ್ನು ಸಿನಿಮಾದ ಹೆಸರು. ಅದಕ್ಕೆ ಎಷ್ಟು ಬೆಲೆ ಕೊಡಬೇಕು? ನನ್ನನ್ನು ಕೇಳಿದರೆ ಕಡಿಮೆ. ಸಿನಿಮಾ ನೋಡಿ ಆಸೆಪಟ್ಟವರು ಆಟಿಕೆ ಕೈಗೆ ಬಂದಾಗ "ಇದು ಹಾಗಿಲ್ಲವಲ್ಲ" ಅನ್ನುವುದು ಮಾಮೂಲು. ಆಟಿಕೆಗೆ ಉಕ್ಕಿನ ಅಚ್ಚು ಕೊರೆಸಿ, ಬಣ್ಣ ನಿರ್ಧರಿಸಿ, ಹಡಗಿಗೆ ಹಾಕುವಷ್ಟರಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಸಿನಿಮಾದ ಗ್ರಾಫಿಕ್ಸ್ ಮುಗಿಯುವವರೆಗೆ ಕಾಯುತ್ತಾ ಕೂರಲು ಆಗುವುದಿಲ್ಲ. ಮೊದಮೊದಲಿನ ಚಿತ್ರಗಳನ್ನು ನೋಡಿಕೊಂಡೇ ಕೆಲಸ ಶುರು. ಇದೇ ಸರಣಿಯ ಎರಡನೇ ಸಿನಿಮಾ 2012ರ ಜೂನ್‌ನಿಂದ 2013ರ ಮಾರ್ಚ್‌ಗೆ ಮುಂದೆ ಹೋಯಿತು. ಅಷ್ಟರಲ್ಲಿ ಅದರ ಆಟಿಕೆಗಳು ತಯಾರಾಗಿ, ಕೆಲವು ಅಂಗಡಿಗೂ ಬಂದುಬಿಟ್ಟಿದ್ದವು. ಸಿನಿಮಾ ಇಲ್ಲದ ಸಿನಿಮಾ ಆಟಿಕೆ! ಅಚ್ಚಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಇದು ನಮಗೆ ದೂರದ ಮಾತೇನೂ ಅಲ್ಲ. ನಿಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಇದೆ. ಅದನ್ನು ಕಟ್ಟಿದ ಏಕಸ್ ಕಂಪನಿ ಬೆಳಗಾವಿಯಲ್ಲಿ ನಿಜವಾದ ವಿಮಾನಗಳಿಗೆ ಬಿಡಿಭಾಗ ಮಾಡುತ್ತದೆ.

ಸಿನಿಮಾದಲ್ಲಿ ನೈಟ್ ರೇವನ್ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಆಜ್ಞೆ ಕೊಟ್ಟರೆ ಮಾತ್ರ ಗುಂಡು ಹಾರಿಸುತ್ತದೆ, ನೆನಪಿದೆಯಾ? ಆ ದೃಶ್ಯ ನಿಮಗೆ ಇಷ್ಟವಾಗಿದ್ದರೆ ಅದಕ್ಕೆ ಒಂದಿಷ್ಟು ಜಾಸ್ತಿ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಮುಂದೆ ಬೆಲೆ ಏರುತ್ತದೆ ಅನ್ನುವ ಆಸೆಯಿಂದ ಕೊಡಬೇಡಿ. ಸಿನಿಮಾ ಆಟಿಕೆಗಳನ್ನು ದಂಡಿಯಾಗಿ ಮಾಡಿರುತ್ತಾರೆ, ಜನ ಕಾಪಾಡಿಯೂ ಇಟ್ಟಿರುತ್ತಾರೆ. ಕಾಲ ಕಳೆದ ಮೇಲೂ ಕೇಳಿ ಕೊಳ್ಳುವುದು 80ರ ದಶಕದ ಮೂಲ ವಿಮಾನಗಳನ್ನೇ. ಎಫ್-14 ನೋಡಿಕೊಂಡು 1983ರಲ್ಲಿ ಮಾಡಿದ ಸ್ಕೈಸ್ಟ್ರೈಕರ್‌ಗೆ ಎಷ್ಟು ಬೇಡಿಕೆ ಅಂದರೆ, 2021ರಲ್ಲಿ ಹ್ಯಾಸ್‌ಬ್ರೋ ಜನರಿಂದ ಮುಂಗಡ ಬುಕಿಂಗ್ ತೆಗೆದುಕೊಂಡು ಅದೇ ಮೂರೂಮುಕ್ಕಾಲು ಇಂಚಿನ ಗೊಂಬೆಗಳಿಗೆ ಹೊಸದಾಗಿ ಮಾಡಿತು. ಸಿನಿಮಾದ ಹಂಗೇ ಅದಕ್ಕೆ ಬೇಕಾಗಲಿಲ್ಲ.

ಬಾಕ್ಸ್ ಇಲ್ಲದ ಹಳೆಯ ವಿಮಾನದ ಸ್ಥಿತಿ ನೋಡುವುದು ಕಷ್ಟವಲ್ಲ, ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು. ಮುಚ್ಚಳದ ಕೀಲು ಮೊದಲು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಿಳಿ ಗೆರೆ ಕಂಡರೆ ಅಲ್ಲಿ ಬಗ್ಗಿ ಬಗ್ಗಿ ಸುಸ್ತಾಗಿದೆ, ಇವತ್ತಲ್ಲ ನಾಳೆ ಮುರಿಯುತ್ತದೆ. ಗಾಜಿನ ಭಾಗದಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಇದ್ದರೆ ಯಾರೋ ಥಿನ್ನರ್ ಹಾಕಿ ಒರೆಸಿರಬಹುದು. ಅದು ಸರಿಹೋಗುವುದಿಲ್ಲ. ಮೂಗಿನ ತುದಿ, ಬಾಲದ ತುದಿ, ಚಕ್ರದ ಕಾಲುಗಳು ಬಿದ್ದಾಗ ಮೊದಲು ಏಟು ತಿನ್ನುವ ಜಾಗಗಳು. ಹೊಟ್ಟೆಯ ಭಾಗದ ಫೋಟೊದಲ್ಲಿ ಅಚ್ಚಿನಲ್ಲೇ ಮೂಡಿರುವ ಕಂಪನಿ ಹೆಸರು, ವರ್ಷ ಓದಿ. ಆ ವರ್ಷ ಅಚ್ಚಿನದ್ದು, ಆಟಿಕೆ ತಯಾರಾದ ವರ್ಷವೇ ಆಗಿರಬೇಕು ಅಂತಿಲ್ಲ. ಐಎಸ್‌ಐ ಗುರುತು ಕಾಣಲಿಲ್ಲ ಅಂತ ನಕಲಿ ಅಂದುಕೊಳ್ಳಬೇಡಿ. ಆಟಿಕೆಗಳಿಗೆ ಅದು ಕಡ್ಡಾಯವಾದದ್ದು 2021ರ ಜನವರಿ 1ರಿಂದ.

ಬಗ್ಗಿದ ಮಿಸೈಲಿಗೆ ಹೆದರಬೇಡಿ. ಮೆತ್ತನೆ ಪ್ಲಾಸ್ಟಿಕ್ಕು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿದರೆ ಸರಿಯಾಗುತ್ತದೆ. ಬ್ಯಾಟರಿ ಹಾಕುವ ಜಾಗ ಇದ್ದರೆ ಮಾತ್ರ ಮುಚ್ಚಳ ತೆಗೆಸಿ ನೋಡಲೇಬೇಕು. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಗೆ ವಿನೆಗರ್ ಅಥವಾ ನಿಂಬೆರಸ ಅದ್ದಿ ಒರೆಸಬಹುದು. ತಾಮ್ರದ ತಂತಿಯವರೆಗೂ ಹಸಿರು ಏರಿದ್ದರೆ ದೀಪ, ಸದ್ದು ಎರಡರ ಆಸೆಯನ್ನೂ ಬಿಡಿ.

ತಂದ ಮೇಲೆ ಬಳ್ಳಾರಿಯಲ್ಲಿ ಅದನ್ನು ಇಟ್ಟುಕೊಳ್ಳಬೇಕಲ್ಲ, ಅದು ಇನ್ನೊಂದು ಕಥೆ. ಕಪ್ಪು ವಿಮಾನ, ಕೆಂಪು ಧೂಳು! ಅದಿರು ಲಾರಿಗಳು ಓಡಾಡುವ ಊರಿನ ಧೂಳು ಬೇರೆ ಊರಿನ ಧೂಳಿನಂತಲ್ಲ. ಅದರಲ್ಲಿರುವ ಹೆಮಟೈಟ್ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಒದ್ದೆ ಬಟ್ಟೆಯಿಂದ ಒರೆಸಿದಿರೋ, ಗಾಜಿನ ಮೇಲೆ ಉಪ್ಪುಕಾಗದ ಉಜ್ಜಿದಂತೆಯೇ. ಮೊದಲು ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಊದಿ. ಆಮೇಲೆ ಮೆತ್ತನೆ ಬ್ರಶ್. ಬಟ್ಟೆ ಕೊನೆಗೆ. ಬಾಗಿಲು ಇರುವ ಗಾಜಿನ ಶೋಕೇಸ್ ಆಗಬೇಕು, ತೆರೆದ ಶೆಲ್ಫ್ ನಮ್ಮ ಕಡೆಗೆ ಆಗಿಬರುವುದಿಲ್ಲ.

ಆ ಶೋಕೇಸ್ ಪಡುವಣ ಕಿಟಕಿಯ ಎದುರಿಗೆ ಬೇಡ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು. ಮುಚ್ಚಿದ ಗಾಜಿನೊಳಗೆ ಸಂಜೆ ಬಿಸಿಲು ಬಿದ್ದರೆ ಇನ್ನೂ ಜಾಸ್ತಿ. ಸ್ಟಿಕರ್ ಅಂಚು ಏಳುತ್ತದೆ, ಬಿಳಿ ಭಾಗ ಹಳದಿಗೆ ತಿರುಗುತ್ತದೆ. ಇನ್ನೊಂದು, ಜಾಸ್ತಿ ಜನ ಗಮನಿಸದೇ ಇರುವುದು: ಗೊಂಬೆಯ ಮೆತ್ತನೆ ಭಾಗಗಳು ಪಿವಿಸಿ. ಬಿಸಿಗೆ ಅದರೊಳಗಿನ ಎಣ್ಣೆಯಂಥ ಅಂಶ ಹೊರಗೆ ಬಂದು ಅಂಟಂಟಾಗುತ್ತದೆ. ಹಾಗೆ ಅಂಟಾದ ಗೊಂಬೆ ವರ್ಷಗಟ್ಟಲೆ ಅದೇ ಆಸನದಲ್ಲಿ ಕೂತರೆ ಆಸನಕ್ಕೂ ಗಾಜಿಗೂ ಕಲೆ ಕಚ್ಚುತ್ತದೆ, ಕೆಲವು ಪ್ಲಾಸ್ಟಿಕ್ ಕರಗಿಯೇ ಬಿಡುತ್ತದೆ. ಬೇಸಿಗೆಗೆ ಪೈಲಟ್‌ನನ್ನು ಕೆಳಗಿಳಿಸಿ, ಪಕ್ಕಕ್ಕೆ ನಿಲ್ಲಿಸಿ. ಚಕ್ರದ ಸಣ್ಣ ಕಾಲುಗಳ ಮೇಲೆ ವಿಮಾನದ ಭಾರ ಪೂರ್ತಿ ಬಿಡಬೇಡಿ, ಹೊಟ್ಟೆಯ ಕೆಳಗೆ ಒಂದು ಅಕ್ರಿಲಿಕ್ ಸ್ಟ್ಯಾಂಡ್ ಕೊಡಿ. ಮೀನಿನ ದಾರದಲ್ಲಿ ಸೂರಿಗೆ ತೂಗುಹಾಕುವ ಯೋಚನೆ ಇದ್ದರೆ ಬಿಡಿ. ಹಗಲೂ ರಾತ್ರಿ ಫ್ಯಾನ್ ತಿರುಗುವ ಮನೆಯಲ್ಲಿ ಅದು ಯಾವತ್ತಾದರೂ ರೆಕ್ಕೆ ಮುರಿದುಕೊಳ್ಳುತ್ತದೆ.

ಬೆಲೆಗೆ ಬರೋಣ. ಇಂಥ ವಿಮಾನ ಹೊಸದಾಗಿ ಬರುವಾಗ ಪೈಲಟ್ ಜೊತೆಗೇ ಬರುತ್ತಾನೆ. ಅವನಿಲ್ಲದ ವಿಮಾನಕ್ಕೆ ಪೂರ್ತಿ ಬೆಲೆ ಕೇಳುವುದು ನ್ಯಾಯವಲ್ಲ. ಅವನನ್ನು ಬೇರೆಯಾಗಿ ಕೊಳ್ಳಲು ಎಷ್ಟಾಗುತ್ತದೆ, ಕಳೆದುಹೋದ ಮಿಸೈಲ್ ಎಷ್ಟು ಅಂತ ಹುಡುಕಿ, ಅಷ್ಟನ್ನು ಕಳೆಯಿರಿ. ಹುಡುಕುವಾಗ "ಕೇಳುತ್ತಿರುವ ಬೆಲೆ" ನೋಡಬೇಡಿ, ಮಾರಾಟವಾಗಿ ಮುಗಿದ ಬೆಲೆ ನೋಡಿ. ಕೇಳುವುದಕ್ಕೆ ಯಾರು ಎಷ್ಟು ಬೇಕಾದರೂ ಕೇಳಬಹುದು, ಅಲ್ವಾ? ನಿಮಗೆ ನಿಮ್ಮದೇ ಗೊಂಬೆಗಳು ಇರುವುದರಿಂದ ಪೈಲಟ್ ಇಲ್ಲದಿರುವುದು ನಷ್ಟವಲ್ಲ, ಚೌಕಾಸಿಗೆ ಸಿಕ್ಕ ಆಧಾರ. 4,000ದಿಂದ ಶುರು ಮಾಡಿ. ಕಾಕ್‌ಪಿಟ್ ಸರಿಯಾಗಿ, ಕೀಲು ಗಟ್ಟಿಯಾಗಿ, ಮಿಸೈಲ್ ಎಲ್ಲ ಇದ್ದರೆ 5,000ಕ್ಕೆ ನಿಲ್ಲಿಸಬಹುದು. ಅದರ ಮೇಲೆ ನಾನಾದರೆ ಕೊಡೆನು.

ಅವರು "ಹೊರದೇಶದಿಂದ ತರಿಸಿದರೆ ಇದಕ್ಕಿಂತ ಜಾಸ್ತಿ ಆಗುತ್ತದೆ" ಅಂತ ಹೇಳಬಹುದು. ಆ ಮಾತು ನಿಜವೇ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಜೊತೆಗೆ ಕೊರಿಯರ್‌ನವರು ವಿಮಾನದಂಥ ವಸ್ತುವಿಗೆ ತೂಕ ನೋಡುವುದಿಲ್ಲ, ಪೆಟ್ಟಿಗೆಯ ಗಾತ್ರ ನೋಡುತ್ತಾರೆ. 60, 40, 20 ಸೆಂ.ಮೀ. ಪೆಟ್ಟಿಗೆಯನ್ನು ಗುಣಿಸಿ 5,000ದಿಂದ ಭಾಗಿಸಿದರೆ 9.6 ಕಿಲೋ. ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಹತ್ತಿರ ಹತ್ತು ಕಿಲೋ ಬಾಡಿಗೆ! ಆದರೆ ಇವರದು ಈಗಾಗಲೇ ದೇಶದ ಒಳಗಿದೆ. ಆ ಖರ್ಚನ್ನು ನಿಮ್ಮ ತಲೆಗೆ ಕಟ್ಟಲು ಬಿಡಬೇಡಿ. ಹೈದರಾಬಾದಿಗೆ ಹೋಗಿಬರುವ ನೆಂಟರು ಯಾರಾದರೂ ಇದ್ದರೆ ಅವರ ಕೈಯಲ್ಲಿ ತರಿಸಿ. ಕೊರಿಯರೇ ಆದರೆ ಮುಚ್ಚಳವನ್ನೂ ಮಿಸೈಲುಗಳನ್ನೂ ಬಿಚ್ಚಿ ಬೇರೆ ಕವರಿನಲ್ಲಿ ಸುತ್ತಿ ಹಾಕಲು ಹೇಳಿ.

ಅಕ್ಕನ ಮಗನ ಮಾತು. ಸ್ಪ್ರಿಂಗ್ ಒತ್ತಿದರೆ ಹಾರುವ ಮಿಸೈಲುಗಳು ಈ ಆಟಿಕೆಗಳಲ್ಲಿ ಮಾಮೂಲು. 1978ರಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಎಂಬ ಟಿವಿ ಧಾರಾವಾಹಿಯ ಆಟಿಕೆ ಯಾನದಿಂದ ಹಾರಿದ ಅಂಥ ಒಂದು ಮಿಸೈಲ್ ಗಂಟಲಲ್ಲಿ ಸಿಕ್ಕಿ ಅಮೆರಿಕದಲ್ಲಿ ಒಂದು ಮಗು ತೀರಿಕೊಂಡಿತು. ಆಮೇಲೆಯೇ ಆಟಿಕೆ ಮಿಸೈಲುಗಳ ಉದ್ದ, ತುದಿ ಎಲ್ಲ ಬದಲಾದದ್ದು. ಸ್ಟಾರ್ ವಾರ್ಸ್ ಬೋಬಾ ಫೆಟ್ ಗೊಂಬೆಯ ಹಾರುವ ರಾಕೆಟ್ಟನ್ನು ಕಂಪನಿ ಮಾರುವ ಮೊದಲೇ ಹಾರದಂತೆ ಮಾಡಿಬಿಟ್ಟಿತು. ಮೂರು ವರ್ಷದ ಒಳಗಿನ ಮಕ್ಕಳಿಗೆ, ಸುಮಾರು 3.2 ಸೆಂ.ಮೀ. ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ಭಾಗವೂ ಅಪಾಯವೇ. ನಿಮ್ಮ ಗೊಂಬೆಗಳ ಬಂದೂಕು, ಹೆಲ್ಮೆಟ್ ಎಲ್ಲ ಈ ಲೆಕ್ಕದಲ್ಲೇ ಬರುತ್ತವೆ. ಮಿಸೈಲುಗಳನ್ನೂ ಇವನ್ನೂ ಒಂದು ಜಿಪ್ ಕವರಿಗೆ ಹಾಕಿ ಅಲ್ಮೇರಾದ ಮೇಲಿನ ಖಾನೆಯಲ್ಲಿಡಿ, ಶೋಕೇಸಿಗೆ ಬೀಗ ಹಾಕಿ. ವಿಮಾನ ಬೇಕು ಅಂತ ಅವನು ಹಟ ಮಾಡಿದರೆ ಅಂಗಡಿಯಿಂದ ಅವನ ವಯಸ್ಸಿನದ್ದು, ಐಎಸ್‌ಐ ಗುರುತಿನದು, ಬೇರೆಯೇ ಒಂದು ತಂದುಕೊಡಿ.